ಓದುಗರ ಪ್ರಶ್ನೆ: ಕ್ವೆರಿಯಲ್ಲಿ ಬರೆದ ಫಂಕ್ಷನ್ ನಮ್ಮ ಟೇಬಲ್‌ಗೆ ಗೊತ್ತಾಗುದು ಹೇಗೆ?

ಈ ಸಲ ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ ಸ್ವಲ್ಪ ಉದ್ದ ಉಂಟು, ಉತ್ತರವೂ ಉದ್ದ ಆಗ್ತದೆ, ಹಾಗಾಗಿ ಅದನ್ನೇ ಮೊದಲು ತಗೊಳ್ತೇನೆ. ಉಳಿದವು ಹೆಚ್ಚುಕಮ್ಮಿ ಅದರ ಸುತ್ತಮುತ್ತದ್ದೇ. ಎಸ್‌ಕ್ಯೂಎಲ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಹಾಕಿದ್ದೇವೆ, ಟೈಪ್ ಮಾಡುವಾಗ ಸೆಲೆಕ್ಟ್, ವೇರ್ ಎಲ್ಲ ಎಂದಿನ ಹಾಗೆ ಇಂಗ್ಲಿಷಲ್ಲೇ ಹಾಕಿ.

ಪ್ರಶ್ನೆ (ಬದಿಯಡ್ಕದಿಂದ): ಮಾಷ್ಟ್ರೇ ನಮಸ್ಕಾರ. ನಮ್ಮೂರಿನ ಲೈಬ್ರರಿಯ ಪುಸ್ತಕದ ಪಟ್ಟಿ, ಹಳೇ ಯಕ್ಷಗಾನದ ಕರಪತ್ರ, ಮನೆಮನೆಯಲ್ಲಿದ್ದ ಕಾಗದಪತ್ರ ಎಲ್ಲ ಸ್ಕ್ಯಾನ್ ಮಾಡಿ ಅದರ ವಿವರ ಸಿಎಸ್‌ವಿ ಫೈಲ್‌ಗಳಲ್ಲಿ ಬರೆದಿಡ್ತಾ ಇದ್ದೇವೆ. ತೊಂದರೆ ಎಂತ ಅಂದ್ರೆ ಊರಿನ ಹೆಸರು ಒಂದೊಂದರಲ್ಲಿ ಒಂದೊಂದು ಥರ, ಕುಂಬಳೆ, ಕುಂಬ್ಳೆ, ಕುಂಬ್ಳ, ಹೊಸ ಕಾಗದದಲ್ಲಾದ್ರೆ ಮಲಯಾಳಂ ಲಿಪಿ. ನಾನು ಪೈಥಾನಲ್ಲಿ ಎಪಿಎಸ್‌ಡಬ್ಲ್ಯೂ ಲೈಬ್ರರಿ ಹಾಕಿ ಎಸ್‌ಕ್ಯೂಎಲೈಟ್ ಡೇಟಾಬೇಸ್‌ಗೆ 'ಕಡತ' ಅಂತ ಒಂದು ವರ್ಚುವಲ್ ಟೇಬಲ್ (ಡೇಟಾ ಹೊರಗಿನ ಫೈಲಲ್ಲೇ ಇದ್ದು ನಮ್ಮ ಕೋಡ್ ಮೂಲಕ ಟೇಬಲ್ ಥರ ಕಾಣುವಂಥದ್ದು) ಮಾಡಿದೆ, ಎರಡು ಹೆಸರು ಒಂದೇ ಊರಿನದ್ದಾ ಅಂತ ನೋಡುವ 'ಹೋಲು' ಅಂತ ಒಂದು ಫಂಕ್ಷನ್ನೂ ಬರೆದೆ. ಸೆಲೆಕ್ಟ್ * ಫ್ರಮ್ ಕಡತ ವೇರ್ ಹೋಲು(ಊರು, 'ಕುಂಬಳೆ') ಅಂತ ಕೊಟ್ರೆ ಉತ್ತರ ಸರಿಯೇ ಬರ್ತದೆ, ಆದ್ರೆ ಪ್ರತಿ ಸಲ ಎಲ್ಲಾ ಫೈಲ್ ಮೊದಲಿಂದ ಕೊನೆ ತನಕ ಓದ್ತದೆ. ಬೆಸ್ಟ್‌ಇಂಡೆಕ್ಸ್ ಒಳಗೆ ಪ್ರಿಂಟ್ ಹಾಕಿ ನೋಡಿದ್ರೆ ಕನ್‌ಸ್ಟ್ರೇಂಟ್ (ಷರತ್ತು) ಪಟ್ಟಿ ಖಾಲಿ. ನಾನು ಕೇಳಿದ್ದು ಕುಂಬಳೆ ಅಂತ ಟೇಬಲ್‌ಗೆ ಗೊತ್ತೇ ಇಲ್ಲ. ಗೊತ್ತು ಮಾಡುದು ಹೇಗೆ?

ಉತ್ತರ: ಮೊದಲು ಒಂದು ಮಾತು, ನೀವು ಮಾಡ್ತಾ ಇರುವ ಕೆಲಸ ತುಂಬ ಬೇಕಾದದ್ದು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆಮೇಲೆ ಕೇರಳ, 1984ರ ಮೇ 24ಕ್ಕೆ ಬೇರೆಯೇ ಜಿಲ್ಲೆ ಆಯ್ತು, ಹಾಗಾಗಿ ಒಂದೇ ಊರು ಎರಡು ಲಿಪಿಯಲ್ಲಿ, ನಾಲ್ಕಾರು ಸ್ಪೆಲ್ಲಿಂಗಲ್ಲಿ ಕೂತಿರುದು ಇಲ್ಲಿಯ ಯಾವ ಕಪಾಟು ತೆಗೆದ್ರೂ ಕಾಣ್ತದೆ. ಇದನ್ನೆಲ್ಲ ಒಟ್ಟಿಗೆ ಹುಡುಕ್ಲಿಕ್ಕೆ ಆಗುವ ಹಾಗೆ ಮಾಡಿದ್ರೆ ನಾಳೆ ಊರಿನ ಚರಿತ್ರೆ ಬರೆಯುವವರಿಗೆ ದೊಡ್ಡ ಉಪಕಾರ.

ಈಗ ವಿಷಯಕ್ಕೆ ಬರುವ. ಕ್ವೆರಿ ಕೊಟ್ಟ ಕೂಡ್ಲೇ ಎಸ್‌ಕ್ಯೂಎಲೈಟ್‌ನ ಪ್ಲಾನರ್, ಅಂದ್ರೆ ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ, ನಿಮ್ಮ ಟೇಬಲ್‌ನ ಎಕ್ಸ್‌ಬೆಸ್ಟ್‌ಇಂಡೆಕ್ಸ್ (ಎಪಿಎಸ್‌ಡಬ್ಲ್ಯೂ ಅಲ್ಲಿ ಬೆಸ್ಟ್‌ಇಂಡೆಕ್ಸ್) ಅನ್ನುವ ಮೆಥಡ್‌ಗೆ ಒಂದು ಪಟ್ಟಿ ಕೊಟ್ಟು "ಇದರಲ್ಲಿ ನಿನ್ನ ಕೈಯಲ್ಲಿ ಯಾವುದಾಗ್ತದೆ, ಎಷ್ಟು ಖರ್ಚು" ಅಂತ ಕೇಳ್ತದೆ. ಆ ಪಟ್ಟಿಯಲ್ಲಿ ಬರುದು ಕಾಲಮ್, ಒಂದು ಆಪರೇಟರ್, ಆಚೆ ಬದಿಯಲ್ಲೊಂದು ಬೆಲೆ, ಈ ಆಕಾರದ ಷರತ್ತು ಮಾತ್ರ. ಊರು = 'ಕುಂಬಳೆ' ಆದ್ರೆ ಆಪರೇಟರ್ ನಂಬರ್ 2, ಗ್ರೇಟರ್ ದ್ಯಾನ್ 4, ಮ್ಯಾಚ್ 64, ಲೈಕ್ 65, ಹೀಗೆ ಪ್ರತಿಯೊಂದಕ್ಕೂ ನಂಬರ್ ಉಂಟು. ನಿಮ್ಮ 'ಹೋಲು' ಅನ್ನುದಕ್ಕೆ ಯಾವ ನಂಬರೂ ಇಲ್ಲ, ಪ್ಲಾನರ್ ಲೆಕ್ಕದಲ್ಲಿ ಅದು ಯಾವುದೋ ಒಂದು ಫಂಕ್ಷನ್, ಒಳಗೆ ಎಂತ ಮಾಡ್ತದೆ ಅಂತ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಎಲ್ಲಾ ರೋ ತರಿಸಿ ಒಂದೊಂದಕ್ಕೂ ಫಂಕ್ಷನ್ ಕರೆದು ನೋಡ್ತದೆ. ಟೇಬಲ್‌ಗೆ ಸುದ್ದಿ ಹೋಗದೇ ಇರುದು ಅದಕ್ಕೇ, ನಿಮ್ಮ ಕೋಡಲ್ಲಿ ತಪ್ಪಿಲ್ಲ.

ಇದಕ್ಕೆ ದಾರಿ ಎಕ್ಸ್‌ಫೈಂಡ್‌ಫಂಕ್ಷನ್ ಅನ್ನುವ ಇನ್ನೊಂದು ಮೆಥಡ್. ಎಪಿಎಸ್‌ಡಬ್ಲ್ಯೂ ಅಲ್ಲಿ ಟೇಬಲ್ ಕ್ಲಾಸ್‌ಗೆ ಫೈಂಡ್‌ಫಂಕ್ಷನ್ ಅಂತ ಬರೆದ್ರೆ ಆಯ್ತು. ಕ್ವೆರಿ ಪ್ರಿಪೇರ್ ಆಗುವಾಗ ನಿಮ್ಮ ಟೇಬಲ್‌ನ ಕಾಲಮ್ ಮೇಲೆ ಯಾವುದಾದ್ರೂ ಫಂಕ್ಷನ್ ಕಂಡ್ರೆ ಎಸ್‌ಕ್ಯೂಎಲೈಟ್ ಅದರ ಹೆಸರು ಮತ್ತು ಎಷ್ಟು ಆರ್ಗ್ಯುಮೆಂಟ್ ಅಂತ ಹೇಳಿ ಇದನ್ನು ಕೇಳ್ತದೆ. ಸಿ ಭಾಷೆಯಲ್ಲಿ ಸೊನ್ನೆ ವಾಪಸ್ ಕೊಟ್ರೆ "ನಂಗೆ ಸಂಬಂಧ ಇಲ್ಲ" ಅಂತ, 1 ಕೊಟ್ರೆ "ಈ ಫಂಕ್ಷನ್‌ಗೆ ನನ್ನದೇ ಬೇರೆ ಆವೃತ್ತಿ ಉಂಟು, ಅದನ್ನು ಬಳಸು" ಅಂತ. ನಿಮಗೆ ಬೇಕಾದದ್ದು ಮೂರನೇದು: 150 ಅಥವಾ ಅದಕ್ಕಿಂತ ದೊಡ್ಡ ನಂಬರ್, 255ರ ಒಳಗೆ. ಈ 150ಕ್ಕೆ ಇಂಡೆಕ್ಸ್ ಕನ್‌ಸ್ಟ್ರೇಂಟ್ ಫಂಕ್ಷನ್ ಅಂತ ಹೆಸರು, 2018ರ 3.25.0 ಆವೃತ್ತಿಯಿಂದ ಉಂಟು. ಆ ನಂಬರ್ ಕೊಟ್ರಿ ಅಂದ್ರೆ ಪ್ಲಾನರ್ ನಿಮ್ಮ ಫಂಕ್ಷನನ್ನು ಒಂದು ಆಪರೇಟರ್ ಅಂತಲೇ ತಿಳ್ಕೊಂಡು, ಬೆಸ್ಟ್‌ಇಂಡೆಕ್ಸ್‌ನ ಪಟ್ಟಿಯಲ್ಲಿ "ಕಾಲಮ್ ಊರು, ಆಪರೇಟರ್ 150" ಅಂತ ತಂದಿಡ್ತದೆ. ಎರಡು ಮೂರು ಫಂಕ್ಷನ್ ಇದ್ರೆ 150, 151, 152 ಅಂತ ಬೇರೆಬೇರೆ ಕೊಡಿ, ಬೆಸ್ಟ್‌ಇಂಡೆಕ್ಸಲ್ಲಿ ಯಾವುದು ಅಂತ ಗುರುತು ಸಿಗ್ತದೆ. ಎಪಿಎಸ್‌ಡಬ್ಲ್ಯೂ ಅಲ್ಲಿ ನಂಬರ್ ಮತ್ತು ಫಂಕ್ಷನ್ ಎರಡನ್ನೂ ಜೋಡಿಯಾಗಿ ಒಂದು ಟ್ಯೂಪಲ್ ಮಾಡಿ ವಾಪಸ್ ಕೊಡ್ಬೇಕು. ಎಸ್‌ಕ್ಯೂಎಲೈಟ್ ಒಟ್ಟಿಗೇ ಬರುವ ಜಿಯೋಪಾಲಿ (ಬಹುಭುಜ ಆಕೃತಿಗಳನ್ನು ಹುಡುಕುವ) ಮಾಡ್ಯೂಲ್ ಕೆಲಸ ಮಾಡುದು ಹೀಗೆಯೇ, ಜಿಯೋಪಾಲಿ_ಓವರ್‌ಲ್ಯಾಪ್ ಅಂತ ವೇರ್‌ನಲ್ಲಿ ಬರೆದ್ರೆ ಅದು ಒಳಗಿನ ಆರ್‌ಟ್ರೀ ಇಂಡೆಕ್ಸ್ ನೋಡಿ ಬೇಕಾದ ಆಕೃತಿ ಮಾತ್ರ ತೆಗೆದು ಕೊಡ್ತದೆ. ಸಿ ಓದ್ಲಿಕ್ಕೆ ಬರುದಾದ್ರೆ ಅದರ ಸೋರ್ಸ್ ಒಮ್ಮೆ ನೋಡಿ, ಇದಕ್ಕಿಂತ ಒಳ್ಳೆ ಮಾದರಿ ಇಲ್ಲ.

ಆದ್ರೆ ಇಷ್ಟು ಮಾಡಿದ ಮೇಲೂ ಪಟ್ಟಿ ಖಾಲಿ ಬರುದುಂಟು, ಯಾಕಂದ್ರೆ ಪ್ಲಾನರ್ ಇಲ್ಲಿ ತುಂಬ ಹಠದ್ದು. ಫಂಕ್ಷನ್‌ಗೆ ಸರಿಯಾಗಿ ಎರಡೇ ಆರ್ಗ್ಯುಮೆಂಟ್ ಇರ್ಬೇಕು, ಒಂದು ಆಗುದಿಲ್ಲ, ಮೂರೂ ಆಗುದಿಲ್ಲ. ಮೊದಲನೇದು ನಿಮ್ಮ ಟೇಬಲ್‌ನ ಕಾಲಮ್ಮೇ ಆಗಿರ್ಬೇಕು, ಹೋಲು('ಕುಂಬಳೆ', ಊರು) ಅಂತ ತಿರುಗಿಸಿ ಬರೆದ್ರೆ ಕಾಣುದಿಲ್ಲ, ಹೋಲು(ಟ್ರಿಮ್(ಊರು), 'ಕುಂಬಳೆ') ಅಂದ್ರೂ ಕಾಣುದಿಲ್ಲ. ಮತ್ತೆ ವೇರ್‌ನಲ್ಲಿ ಅದು ಒಂಟಿಯಾಗಿ ನಿಲ್ಬೇಕು, ಬೇರೆ ಷರತ್ತು ಇದ್ರೆ ಆ್ಯಂಡ್ ಹಾಕಿ ಸೇರಿಸಿ. ತುಂಬ ಜನ ಅಭ್ಯಾಸಬಲದಿಂದ ಹೋಲು(ಊರು, 'ಕುಂಬಳೆ') = 1 ಅಂತ ಬರೀತಾರೆ, ಉತ್ತರ ಒಂದೇ ಬರ್ತದೆ, ಆದ್ರೆ ಪ್ಲಾನರ್‌ಗೆ ಅದು ಈಕ್ವಲ್ ಷರತ್ತು ಆಗಿಬಿಡ್ತದೆ, ಎಡಬದಿಯಲ್ಲಿ ಕಾಲಮ್ ಇಲ್ಲ, ಹಾಗಾಗಿ ಟೇಬಲ್‌ಗೆ ಹೋಗುದಿಲ್ಲ. ನಾಟ್ ಹೋಲು(...) ಅಂದ್ರೂ ಅದೇ ಕಥೆ.

ಇನ್ನೊಂದು, ಫಂಕ್ಷನ್ ಆ ಕನೆಕ್ಷನ್‌ನಲ್ಲಿ ಮೊದಲೇ ರಿಜಿಸ್ಟರ್ ಆಗಿರ್ಬೇಕು. ಟೇಬಲ್ ಹೇಗೂ ಕೊಡ್ತದಲ್ಲ ಅಂತ ಬಿಟ್ರೆ ಹೆಸರು ಹುಡುಕುವಾಗಲೇ "ಅಂಥ ಫಂಕ್ಷನ್ ಇಲ್ಲ" ಅಂತ ಎರರ್ ಬರ್ತದೆ, ಟೇಬಲನ್ನು ಕೇಳುವ ಹಂತಕ್ಕೆ ಮುಟ್ಟುದೇ ಇಲ್ಲ. ಓವರ್‌ಲೋಡ್_ಫಂಕ್ಷನ್ ಅಂತ ಒಂದು ಕಾಲ್ ಉಂಟು, ಅದು ಬರೀ ಹೆಸರನ್ನು ಕಾದಿರಿಸ್ತದೆ, ಬೇರೆ ಎಲ್ಲಾದ್ರೂ ಕರೆದ್ರೆ ಎರರ್ ಕೊಡ್ತದೆ. ನಾನು ಹೇಳುದಾದ್ರೆ ನೀವು ಅದನ್ನು ಮಾಡ್ಬೇಡಿ, ನಿಜವಾದ 'ಹೋಲು'ವನ್ನೇ ರಿಜಿಸ್ಟರ್ ಮಾಡಿ, ಯಾಕೆ ಅಂತ ಈಗ ಹೇಳ್ತೇನೆ.

ಬೆಸ್ಟ್‌ಇಂಡೆಕ್ಸ್‌ಗೆ 150 ಬಂತು. ನೀವು ಆ ಕನ್‌ಸ್ಟ್ರೇಂಟ್‌ಗೆ ಆರ್ಗ್‌ವಿ ಇಂಡೆಕ್ಸ್ 1 ಅಂತ ಬರೆದು ವಾಪಸ್ ಕೊಡ್ತೀರಿ, ಆಗ ಕ್ವೆರಿ ಓಡುವಾಗ 'ಕುಂಬಳೆ' ಅನ್ನುವ ಬೆಲೆ, ರೋ ಹುಡುಕ್ಲಿಕ್ಕೆ ಶುರು ಮಾಡುವ ಫಿಲ್ಟರ್ ಮೆಥಡ್‌ಗೆ ಬರ್ತದೆ. ಗಮನಿಸಿ, ಬೆಸ್ಟ್‌ಇಂಡೆಕ್ಸ್ ಹಂತದಲ್ಲಿ ಬೆಲೆ ಗೊತ್ತಿರುದಿಲ್ಲ, "ಏನೋ ಒಂದು ಬರ್ತದೆ" ಅಂತ ಮಾತ್ರ ಗೊತ್ತು. 3.38.0ರಿಂದ ಆರ್‌ಎಚ್‌ಎಸ್_ವ್ಯಾಲ್ಯೂ ಅಂತ ಒಂದು ಕಾಲ್ ಉಂಟು, ಬೆಲೆಯನ್ನು ನೇರ ಬರೆದಿದ್ರೆ ಅಲ್ಲೇ ಕೊಡ್ತದೆ, ಬೇರೆ ಟೇಬಲ್‌ನ ಕಾಲಮ್‌ನಿಂದ ಬರುದಾದ್ರೆ ಸಿಗುದಿಲ್ಲ. ಹಾಗೆಯೇ ಪ್ರತಿ ಕನ್‌ಸ್ಟ್ರೇಂಟ್‌ಗೂ ಯೂಸೆಬಲ್ ಅಂತ ಒಂದು ಗುರುತು ಇರ್ತದೆ. ನಿಮ್ಮ 'ಕಡತ'ವನ್ನು ಪಂಚಾಯತ್‌ಗಳ ಟೇಬಲ್ ಜೊತೆ ಜಾಯಿನ್ ಮಾಡಿ ಹೋಲು(ಕಡತ.ಊರು, ಪಂಚಾಯತ್.ಹೆಸರು) ಅಂತ ಬರೆದ್ರೆ, ಪಂಚಾಯತ್ ಮೊದಲು ಓದುವ ಪ್ಲಾನಲ್ಲಿ ಅದು ಯೂಸೆಬಲ್, ಕಡತ ಮೊದಲು ಓದುವ ಪ್ಲಾನಲ್ಲಿ ಅಲ್ಲ. ಒಂದೇ ಕ್ವೆರಿಗೆ ಬೆಸ್ಟ್‌ಇಂಡೆಕ್ಸನ್ನು ಹಲವು ಸಲ ಕರೆಯುದು ಈ ಕಾರಣಕ್ಕೆ, ಅದನ್ನು ನೋಡಿ ಗಾಬರಿ ಬೇಡ.

ಅಂದ್ರೆ ಪ್ಲಾನರ್ ಯಾವ ಪ್ಲಾನ್ ಆರಿಸ್ತದೆ ಅಂತ ನಿಮ್ಮ ಕೈಯಲ್ಲಿಲ್ಲ. ಖರ್ಚನ್ನು ನೀವು ಕಮ್ಮಿ ತೋರಿಸ್ಬಹುದು, ತೋರಿಸ್ಲೇಬೇಕು, ಎಸ್ಟಿಮೇಟೆಡ್‌ಕಾಸ್ಟ್ ತುಂಬದೇ ಬಿಟ್ರೆ ಅದರಲ್ಲಿ ಮೊದಲೇ ಭಯಂಕರ ದೊಡ್ಡ ಸಂಖ್ಯೆ ಕೂತಿರ್ತದೆ, ಆದ್ರೂ ಒಂದು ದಿನ ಪ್ಲಾನರ್ ನಿಮ್ಮ ಇಂಡೆಕ್ಸ್ ಬಿಟ್ಟು ಎಲ್ಲಾ ರೋ ತರಿಸಿ ಫಂಕ್ಷನನ್ನೇ ಕರೀತದೆ. ಆವತ್ತೂ ಉತ್ತರ ಅದೇ ಬರ್ಬೇಕು. ಇಂಡೆಕ್ಸ್ ದಾರಿಯಲ್ಲಿ ಹೋದ್ರೂ, ಒಂದೊಂದಾಗಿ ನೋಡಿದ್ರೂ ಸಿಗುವ ರೋಗಳು ಒಂದೇ ಆಗಿರ್ಬೇಕು. ಈ ಇಡೀ ವ್ಯವಸ್ಥೆಯಲ್ಲಿ ನಾನು ಅತ್ಯಂತ ಮುಖ್ಯ ಅಂತ ತಿಳ್ಕೊಂಡದ್ದು ಇದೊಂದೇ, ವೇಗ ಆಮೇಲೆ. ಊರಿನ ಕಾಗದ ಹುಡುಕುವ ಮನುಷ್ಯನಿಗೆ ಇವತ್ತು ಸಿಕ್ಕಿದ ಕಾಗದ ನಾಳೆ ಜಾಯಿನ್ ಹಾಕಿದಾಗ ಕಾಣದಿದ್ರೆ ಅವ್ರು ಆ ಪಟ್ಟಿಯನ್ನು ಮತ್ತೆ ನಂಬ್ತಾರಾ?

ಅದಕ್ಕೆ ಒಂದು ಸುಲಭ ಉಪಾಯ ಉಂಟು. ಬೆಸ್ಟ್‌ಇಂಡೆಕ್ಸಲ್ಲಿ ಒಮಿಟ್ ಅಂತ ಒಂದು ಗುರುತು ಇರ್ತದೆ. ಅದನ್ನು 1 ಮಾಡಿದ್ರೆ "ನಾನು ಸರಿಯಾಗಿ ಸೋಸಿದ್ದೇನೆ, ನೀನು ಮತ್ತೆ ನೋಡ್ಬೇಡ" ಅಂತ ಅರ್ಥ. ಸೊನ್ನೆಯೇ ಬಿಟ್ರೆ ಟೇಬಲ್ ಕೊಟ್ಟ ಪ್ರತಿ ರೋವನ್ನೂ ಎಸ್‌ಕ್ಯೂಎಲೈಟ್ ಮತ್ತೊಮ್ಮೆ 'ಹೋಲು' ಹಾಕಿ ನೋಡ್ತದೆ. ನೀವು ಸೊನ್ನೆಯೇ ಇಡಿ. ಆಗ ನಿಮ್ಮ ಇಂಡೆಕ್ಸ್ ಸ್ವಲ್ಪ ಜಾಸ್ತಿ ರೋ ಕೊಟ್ರೂ ತೊಂದರೆ ಇಲ್ಲ, ಫಂಕ್ಷನ್ ಅದನ್ನು ತೆಗೆದು ಹಾಕ್ತದೆ. ಕಮ್ಮಿ ಕೊಡದ ಹಾಗೆ ನೋಡ್ಕೊಂಡ್ರೆ ಸಾಕು.

ಜಾಸ್ತಿ ಕೊಡುವ ಇಂಡೆಕ್ಸ್ ಮಾಡುದು ನಿಮ್ಮ ವಿಷಯದಲ್ಲಿ ಹೇಗೆ ಅಂತ ಹೇಳ್ತೇನೆ. ಯೂನಿಕೋಡಲ್ಲಿ ಮಲಯಾಳಂ ಅಕ್ಷರಗಳ ಜಾಗ ಕನ್ನಡದ ಜಾಗದಿಂದ ಸರಿಯಾಗಿ 128 ಮುಂದೆ, ಎರಡೂ ಒಂದೇ ಕ್ರಮದಲ್ಲಿ ಜೋಡಿಸಿದ್ದು. ಹಾಗಾಗಿ ಮಲಯಾಳಂ ಅಕ್ಷರದ ನಂಬರಿನಿಂದ 128 ಕಳೆದ್ರೆ ಹೆಚ್ಚಿನದ್ದೆಲ್ಲ ಕನ್ನಡ ಅಕ್ಷರ ಆಗ್ತದೆ. ಆಗದೇ ಇರುದು ಚಿಲ್ಲಕ್ಷರಗಳು (ಸ್ವರ ಇಲ್ಲದ ವ್ಯಂಜನಕ್ಕೆ ಮಲಯಾಳಂನಲ್ಲಿರುವ ಬೇರೆ ಅಕ್ಷರ), 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಬೇರೆ ಜಾಗ ಕೊಟ್ರು, ಅದರಿಂದ 128 ಕಳೆದ್ರೆ ಕನ್ನಡದ ಬದಿಯಲ್ಲಿ ಖಾಲಿ ಜಾಗ. ಅವನ್ನು ಕೈಯಾರೆ ನ್, ರ್, ಲ್, ಳ್, ಣ್ ಅಂತ ಬದಲಿಸಿ. ಆಲಪ್ಪುೞ ಅನ್ನುವಲ್ಲಿಯ ೞಕಾರವೂ ಹಾಗೆ, ಕನ್ನಡದಲ್ಲಿ ಅದರ ಜಾಗ ಬೇರೆ ಕಡೆ. ಇಷ್ಟಾದ ಮೇಲೂ ಮಂಜೇಶ್ವರ ಅನ್ನುದು ಆಚೆ ಬದಿಯಿಂದ ಮಞ್ಚೇಶ್ವರಂ ಅಂತ ಬರ್ತದೆ. ಅದಕ್ಕೆ ಕೀ (ಹುಡುಕ್ಲಿಕ್ಕೆ ಹೆಸರಿನಿಂದ ಮಾಡುವ ಸಂಕ್ಷಿಪ್ತ ರೂಪ) ಮಾಡುವಾಗ ವರ್ಗದ ಅನುನಾಸಿಕ ಎಲ್ಲ ಸೊನ್ನೆ (ಅನುಸ್ವಾರ) ಮಾಡಿ, ಕ ಗ, ಚ ಜ, ಟ ಡ, ತ ದ, ಪ ಬ ಜೋಡಿಗಳನ್ನು ಒಂದೇ ಅಂತ ತಗೊಳ್ಳಿ, ಕೊನೆಯ ಸೊನ್ನೆ ಬಿಡಿ, ಸ್ವರಚಿಹ್ನೆ ವಿರಾಮ ಎಲ್ಲ ಬಿಡಿ. ಕುಂಬಳೆ, ಕುಂಬ್ಳೆ, ಕುಂಬ್ಳ ಮೂರೂ ಆಗ ಒಂದೇ ಕೀಗೆ ಬೀಳ್ತಾವೆ. ಈ ಕೀಯಿಂದ ಫೈಲ್ ಮತ್ತು ಸಾಲಿನ ಜಾಗಕ್ಕೆ ಒಂದು ಸಣ್ಣ ಇಂಡೆಕ್ಸ್ ಮಾಡಿ ಇಟ್ಕೊಂಡ್ರೆ ಫಿಲ್ಟರ್ ಆ ಜಾಗಗಳಿಗೆ ಮಾತ್ರ ಹೋಗಿ ಓದ್ತದೆ. ಬೇರೆ ಯಾವುದೋ ಊರು ಅದೇ ಕೀಗೆ ಬಿದ್ರೆ ಬೀಳ್ಲಿ, 'ಹೋಲು' ನೋಡ್ಕೊಳ್ತದೆ. ಆದ್ರೆ 'ಹೋಲು' ಯಾವುದನ್ನು ಒಂದೇ ಅಂತ ಹೇಳ್ತದೋ ಅದೆಲ್ಲ ಒಂದೇ ಕೀಗೆ ಬೀಳ್ಬೇಕು, ಇದನ್ನು ಮಾತ್ರ ಹತ್ತಾರು ಊರಿನ ಹೆಸರು ಹಾಕಿ ಟೆಸ್ಟ್ ಮಾಡಿ.

ಕನ್ನಡದ್ದೇ ಎರಡು ಗುಂಡಿಗಳೂ ಉಂಟು. ಒತ್ತಕ್ಷರ ಬಿಡಿಸ್ಲಿಕ್ಕೆ ಹಾಕುವ ಕಾಣದ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ, ಕೆಲವರು ಟೈಪ್ ಮಾಡಿರ್ತಾರೆ ಕೆಲವರು ಇಲ್ಲ, ನೋಡ್ಲಿಕ್ಕೆ ಒಂದೇ ಥರ ಕಂಡ್ರೂ ಎಸ್‌ಕ್ಯೂಎಲೈಟ್‌ಗೆ ಎರಡು ಬೇರೆ ಶಬ್ದ. ಮತ್ತೆ ಒ ಕಾರದ ಚಿಹ್ನೆ ಒಂದೇ ಕೋಡ್ ಆಗಿಯೂ ಬರ್ತದೆ, ಎ ಚಿಹ್ನೆ ಮತ್ತು ಊ ಚಿಹ್ನೆ ಅಂತ ಎರಡು ತುಂಡಾಗಿಯೂ ಬರ್ತದೆ. ಎಸ್‌ಕ್ಯೂಎಲೈಟ್ ತಾನಾಗಿ ಇದನ್ನು ಸರಿ ಮಾಡುದಿಲ್ಲ, ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಎನ್‌ಎಫ್‌ಸಿ (ಇಂಥ ತುಂಡುಗಳನ್ನು ಒಂದೇ ಕೋಡ್ ಮಾಡುವ ರೂಪ) ಮಾಡಿಯೇ ಮುಂದೆ ಹೋಗಿ. ಫಂಕ್ಷನ್ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೀರಿ, ಅದಕ್ಕೆ ಎಸ್‌ಕ್ಯೂಎಲೈಟ್‌ನ ಅಡ್ಡಿ ಇಲ್ಲ, ಸಂತೋಷ, ಆದ್ರೆ ಹೆಸರಿನ ಒಳಗೂ ಆ ಕಾಣದ ಅಕ್ಷರ ಸೇರಿದ್ರೆ ಅದು ಬೇರೆ ಹೆಸರೇ ಆಗ್ತದೆ ಅಂತ ನೆನಪಿರ್ಲಿ.

ಎಲ್ಲ ಮಾಡಿದ ಮೇಲೆ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಹಾಕಿ ನೋಡಿ. ವರ್ಚುವಲ್ ಟೇಬಲ್ ಇಂಡೆಕ್ಸ್ ಅಂತ ಬರೆದು ಅದರ ಮುಂದೆ ನೀವು ಬೆಸ್ಟ್‌ಇಂಡೆಕ್ಸಲ್ಲಿ ಕೊಟ್ಟ ನಂಬರ್ ಮತ್ತು ಸ್ಟ್ರಿಂಗ್ ಕಾಣ್ತದೆ. ಆ ಸ್ಟ್ರಿಂಗಲ್ಲಿ 'ಊರು-ಹೋಲು' ಅಂತ ಓದ್ಲಿಕ್ಕೆ ಆಗುವ ಹಾಗೆ ಬರೆದಿಟ್ರೆ ಯಾವ ದಾರಿ ಹಿಡಿದಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗ್ತದೆ. ಎಪಿಎಸ್‌ಡಬ್ಲ್ಯೂ ಅಲ್ಲಿ ಹಳೇ ಬೆಸ್ಟ್‌ಇಂಡೆಕ್ಸ್ ಬದಲು ಬೆಸ್ಟ್‌ಇಂಡೆಕ್ಸ್‌ಆಬ್ಜೆಕ್ಟ್ ಬಳಸಿ, ಮಾಡ್ಯೂಲ್ ರಿಜಿಸ್ಟರ್ ಮಾಡುವಾಗ ಅದಕ್ಕೊಂದು ಆಯ್ಕೆ ಉಂಟು, ಒಳಗಿನ ಎಲ್ಲ ವಿವರ ಅದರಲ್ಲಿ ಸಿಗ್ತದೆ.

ಪ್ರಶ್ನೆ (ಉಪ್ಪಳದಿಂದ): ಸರ್, ನಮ್ಮಲ್ಲಿ ಅಪ್ಪ ದಿನಾ ಬೆಳಿಗ್ಗೆ 8:30ಕ್ಕೆ ಮಳೆ ಅಳೆದು ಬರೆದಿಡ್ತಾರೆ, ಅದನ್ನು ನಾನು ಫೈಲಿಂದ ಓದುವ ವರ್ಚುವಲ್ ಟೇಬಲ್ ಮಾಡಿದ್ದೇನೆ. ಸೆಲೆಕ್ಟ್ ಸಮ್(ಮಿಮೀ) ಫ್ರಮ್ ಮಳೆ ವೇರ್ ಸಬ್‌ಸ್ಟ್ರ್(ದಿನ, 1, 4) = '2023' ಅಂತ ಕೊಡ್ತೇನೆ. ಸಮ್ ಕೇಳಿದ್ದಾರೆ, 2023 ಕೇಳಿದ್ದಾರೆ ಅಂತ ಟೇಬಲ್‌ಗೆ ಮೊದಲೇ ತಿಳಿಸ್ಲಿಕ್ಕೆ ಆಗ್ತದಾ? ಮೇಲಿನ ಫೈಂಡ್‌ಫಂಕ್ಷನ್ ಥರ?

ಉತ್ತರ: ಸಮ್ ಬಗ್ಗೆ ಆಗುದಿಲ್ಲ. ಕೌಂಟ್, ಸಮ್, ಆವ್‌ರೇಜ್ ಇಂಥದ್ದನ್ನು ಎಸ್‌ಕ್ಯೂಎಲೈಟ್ ವರ್ಚುವಲ್ ಟೇಬಲ್‌ಗೆ ದಾಟಿಸುದೇ ಇಲ್ಲ, ರೋ ಒಂದೊಂದಾಗಿ ತಗೊಂಡು ತಾನೇ ಕೂಡಿಸ್ತದೆ. ಸಿಗುವ ಸುಳಿವು ಎಂತ ಅಂದ್ರೆ ಕಾಲ್‌ಯೂಸ್ಡ್, ಯಾವ ಕಾಲಮ್ ಬೇಕಾಗ್ತದೆ ಅನ್ನುವ 64 ಬಿಟ್‌ನ ಗುರುತು. ಕೌಂಟ್(*) ಕೇಳಿದ್ರೆ ಯಾವ ಕಾಲಮೂ ಬೇಡ, ಆಗ ನೀವು ಸಾಲನ್ನು ಒಡೆದು ಓದುವ ಕೆಲಸ ಬಿಟ್ಟು ಸಾಲು ಲೆಕ್ಕ ಹಾಕಿದ್ರೆ ಸಾಕು. ಗ್ರೂಪ್ ಬೈ ಇದ್ರೆ ಅದರ ಕಾಲಮ್‌ಗಳು ಆರ್ಡರ್ ಬೈ ಪಟ್ಟಿಯಲ್ಲೇ ಬರ್ತಾವೆ, 3.38.0ರಿಂದ ವಿಟ್ಯಾಬ್_ಡಿಸ್ಟಿಂಕ್ಟ್ ಅಂತ ಕೇಳಿದ್ರೆ 1 ಅಂತ ಉತ್ತರ ಬರ್ತದೆ, ಅಂದ್ರೆ ಪೂರ್ತಿ ಸಾರ್ಟ್ ಬೇಡ, ಒಂದೇ ಥರದ್ದು ಒಟ್ಟೊಟ್ಟಿಗೆ ಬಂದ್ರೆ ಸಾಕು ಅಂತ.

ಸಬ್‌ಸ್ಟ್ರ್ ವಿಷಯ ಮಾತ್ರ ನಿಮ್ಮ ಕೈಯಲ್ಲೇ ಉಂಟು. ಈಗಿನ ಹಾಗೆ ಬರೆದ್ರೆ ಈಕ್ವಲ್‌ನ ಎಡಬದಿಯಲ್ಲಿ ಕಾಲಮ್ ಬದಲು ಫಂಕ್ಷನ್ ಉಂಟಲ್ಲ, ಟೇಬಲ್‌ಗೆ ಅದು ಹೋಗುದಿಲ್ಲ. ದಿನ >= '2023-01-01' ಆ್ಯಂಡ್ ದಿನ < '2024-01-01' ಅಂತ ಬರೆಯಿರಿ, ಎರಡೂ ಬೆಸ್ಟ್‌ಇಂಡೆಕ್ಸ್‌ಗೆ ಸೀದಾ ಬರ್ತಾವೆ, 2023ರ ಫೈಲ್ ಮಾತ್ರ ತೆಗೆದ್ರೆ ಆಯ್ತು. ಮತ್ತೆ ಒಟ್ಟು ಬೇಕೇ ಬೇಕಾದ್ರೆ ಮಳೆ_ಒಟ್ಟು ಅಂತ ಬೇರೆಯೇ ಒಂದು ಟೇಬಲ್ ಮಾಡಿ, ಅದರಲ್ಲಿ ವರ್ಷವನ್ನು ಹಿಡನ್ (ಸೆಲೆಕ್ಟ್ * ಅಲ್ಲಿ ಕಾಣದ) ಕಾಲಮ್ ಆಗಿ ಡಿಕ್ಲೇರ್ ಮಾಡಿ. 3.9.0ರಿಂದ ಹಿಡನ್ ಕಾಲಮ್ ಇದ್ದ ಟೇಬಲನ್ನು ಫಂಕ್ಷನ್ ಥರ ಕರೀಬಹುದು, ಸೆಲೆಕ್ಟ್ * ಫ್ರಮ್ ಮಳೆ_ಒಟ್ಟು(2023) ಅಂತ. ಆ 2023 ಅನ್ನುದು ಒಳಗೆ ವರ್ಷ = 2023 ಅನ್ನುವ ಸಾಮಾನ್ಯ ಕನ್‌ಸ್ಟ್ರೇಂಟ್ ಆಗಿಯೇ ಬರ್ತದೆ, ಜನರೇಟ್_ಸೀರೀಸ್ ಕೆಲಸ ಮಾಡುದೂ ಹಾಗೆಯೇ. ವರ್ಷ ಕೊಡದೇ ಕರೆದ್ರೆ ಬೆಸ್ಟ್‌ಇಂಡೆಕ್ಸಿಂದ ಕನ್‌ಸ್ಟ್ರೇಂಟ್ ಎರರ್ ವಾಪಸ್ ಕೊಡಿ, "ಈ ಪ್ಲಾನ್ ನನ್ನಿಂದ ಆಗುದಿಲ್ಲ" ಅಂತ ಪ್ಲಾನರ್‌ಗೆ ಗೊತ್ತಾಗ್ತದೆ. ನನಗೆ ಕೇಳಿದ್ರೆ ಆರ್ಗ್ಯುಮೆಂಟ್ ಮೂರು ನಾಲ್ಕು ಇರುವಲ್ಲೆಲ್ಲ ಈ ದಾರಿಯೇ ಒಳ್ಳೇದು.

ಅಪ್ಪನಿಗೆ ನಮಸ್ಕಾರ ಹೇಳಿ. ಹವಾಮಾನ ಇಲಾಖೆ ಮಳೆಯ ದಿನ ಲೆಕ್ಕ ಹಾಕುದೂ ಬೆಳಿಗ್ಗೆ 8:30ಕ್ಕೇ, ಅವ್ರ ಪುಸ್ತಕ ಜೋಪಾನ ಮಾಡಿ. ದಿನ ಅನ್ನುವ ಕಾಲಮಲ್ಲಿ ಇರುದು ಅಳೆದ ದಿನವೋ ಮಳೆ ಬಂದ ದಿನವೋ ಅಂತ ಫೈಲಲ್ಲಿ ಬರೆದಿಡಿ, ಇಲ್ಲದಿದ್ರೆ ಜನವರಿ 1ರ ಅಂಚಲ್ಲಿ ಗೊಂದಲ ಆಗ್ತದೆ.

ಪ್ರಶ್ನೆ (ಮುಳ್ಳೇರಿಯದಿಂದ): ನನ್ನ ಟೇಬಲಲ್ಲಿ ಲೈಕ್‌ಗೆ ನನ್ನದೇ ಫಂಕ್ಷನ್ ಕೊಟ್ಟಿದ್ದೇನೆ, ಆದ್ರೆ ಒಳಗೆ ಬರುವ ಬೆಲೆಗಳು ತಿರುಗುಮುರುಗು. ಮ್ಯಾಚ್ ಹಾಕಿದ್ರೆ "ಅನೇಬಲ್ ಟು ಯೂಸ್ ಫಂಕ್ಷನ್ ಮ್ಯಾಚ್ ಇನ್ ದ ರಿಕ್ವೆಸ್ಟೆಡ್ ಕಾಂಟೆಕ್ಸ್ಟ್" ಅಂತ ಎರರ್. ಎಂತ ಮಾಡುದು?

ಉತ್ತರ: ತಿರುಗುಮುರುಗು ಬರುದೇ ಸರಿ. ಹೆಸರು ಲೈಕ್ 'ಅ%' ಅನ್ನುದನ್ನು ಎಸ್‌ಕ್ಯೂಎಲೈಟ್ ಒಳಗೆ ಲೈಕ್('ಅ%', ಹೆಸರು) ಅಂತ ಓದ್ತದೆ, ಪ್ಯಾಟರ್ನ್ ಮೊದಲು, ಕಾಲಮ್ ಆಮೇಲೆ. ಲೈಕ್, ಗ್ಲಾಬ್, ರೆಜೆಕ್ಸ್‌ಪ್, ಮ್ಯಾಚ್ ನಾಲ್ಕಕ್ಕೂ ಇದೇ ಕ್ರಮ, ನಿಮ್ಮದೇ ಹೆಸರಿನ ಫಂಕ್ಷನ್ ಆದ್ರೆ ಮಾತ್ರ ಕಾಲಮ್ ಮೊದಲು. ಈ ನಾಲ್ಕಕ್ಕೆ ಮೊದಲೇ ನಂಬರ್ ಇರುದರಿಂದ ಬೆಸ್ಟ್‌ಇಂಡೆಕ್ಸ್‌ಗೆ ಸುದ್ದಿ ಹೋಗ್ಲಿಕ್ಕೆ ಫೈಂಡ್‌ಫಂಕ್ಷನ್ ಬೇಕಾಗಿಯೇ ಇಲ್ಲ. ಮ್ಯಾಚ್‌ನ ಎರರ್ ಯಾಕೆ ಅಂದ್ರೆ ಎಸ್‌ಕ್ಯೂಎಲೈಟಲ್ಲಿರುವ ಮ್ಯಾಚ್ ಫಂಕ್ಷನ್ ಬರೀ ಹೆಸರಿಗೆ ಮಾತ್ರ, ಕರೆದ್ರೆ ಎರರ್ ಕೊಡುದೇ ಅದರ ಕೆಲಸ. ಟೇಬಲ್ ಆ ಕನ್‌ಸ್ಟ್ರೇಂಟನ್ನು ತಗೊಂಡು ಒಮಿಟ್ 1 ಮಾಡ್ಬೇಕು. ಮೇಲೆ ಸೊನ್ನೆ ಇಡಿ ಅಂದೆ, ಇಲ್ಲಿ 1 ಅಂತಿದ್ದೇನೆ, ಕಾರಣ ಇಷ್ಟೇ, ಇಲ್ಲಿ ಮತ್ತೆ ನೋಡ್ಲಿಕ್ಕೆ ನಿಜವಾದ ಫಂಕ್ಷನ್ ಇಲ್ಲ. ಒಮಿಟ್ ಅನ್ನುದು ಬರೀ ಸೂಚನೆ, ಎಸ್‌ಕ್ಯೂಎಲೈಟ್ ಪಾಲಿಸ್ಲೇಬೇಕು ಅಂತ ಇಲ್ಲ, ಹಾಗಾಗಿ ಫೈಂಡ್‌ಫಂಕ್ಷನಲ್ಲಿ ನಿಮ್ಮದೇ ಒಂದು ಸರಿಯಾದ ಮ್ಯಾಚನ್ನೂ ಕೊಟ್ಟಿಡುದು ಕ್ಷೇಮ. ಅಲ್ಲಿ ಹೆಸರು ಹೋಲಿಸುವಾಗ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂತ ತಗೊಳ್ಳಿ.

ಪ್ರಶ್ನೆ (ಹೊಸಂಗಡಿಯಿಂದ): ಹುಡುಕಿದ್ದು ಸಾಲಿನ ಯಾವ ಭಾಗದಲ್ಲಿ ಸಿಕ್ತು ಅಂತ ತೋರಿಸುವ ಫಂಕ್ಷನ್ ಸೆಲೆಕ್ಟಲ್ಲಿ ಬೇಕು, ಎಸ್‌ಕ್ಯೂಎಲೈಟ್‌ನ ಪಠ್ಯ ಹುಡುಕುವ ಮಾಡ್ಯೂಲ್ ಎಫ್‌ಟಿಎಸ್‌ನ ಸ್ನಿಪೆಟ್ ಥರ. ಆದ್ರೆ ಎಂತ ಹುಡುಕಿದ್ದು ಅಂತ ಆ ಫಂಕ್ಷನ್‌ಗೆ ಹೇಗೆ ಗೊತ್ತಾಗ್ತದೆ?

ಉತ್ತರ: ಹುಡುಕಿದ ಬೆಲೆ ಫಿಲ್ಟರ್‌ಗೆ ಬಂದಿರ್ತದೆ, ಕರ್ಸರ್ (ರೋಗಳನ್ನು ಒಂದೊಂದಾಗಿ ಓದುವ ಆಬ್ಜೆಕ್ಟ್) ಒಳಗೆ ಉಂಟು. ಕಷ್ಟ ಇರುದು ಫಂಕ್ಷನ್ ಆ ಕರ್ಸರನ್ನು ಹಿಡಿಯುದರಲ್ಲಿ. ಎಫ್‌ಟಿಎಸ್5 ಮಾಡುದು ಹೀಗೆ: ಟೇಬಲ್‌ನ ಹೆಸರಿನದ್ದೇ ಒಂದು ಹಿಡನ್ ಕಾಲಮ್ ಇಟ್ಟು, ಅದರ ಬೆಲೆ ಕೇಳಿದ್ರೆ ಕರ್ಸರ್‌ನ ನಂಬರ್ ಕೊಡ್ತದೆ. ಸ್ನಿಪೆಟ್‌ಗೆ ಮೊದಲನೇ ಆರ್ಗ್ಯುಮೆಂಟ್ ಆಗಿ ಟೇಬಲ್ ಹೆಸರು ಬರೆಯುದು ಅದಕ್ಕೇ, ಫಂಕ್ಷನ್ ಆ ನಂಬರಿಂದ ಕರ್ಸರ್ ಹುಡುಕಿ, ಯಾವ ರೋ, ಎಂತ ಹುಡುಕಿದ್ದು ಎಲ್ಲ ತಗೊಳ್ತದೆ. ಪೈಥಾನಲ್ಲಿ ನೀವೂ ಹಾಗೆಯೇ ಮಾಡಿ, ಓಪನ್ ಆಗುವಾಗ ಕರ್ಸರ್‌ಗೊಂದು ನಂಬರ್ ಕೊಟ್ಟು ಡಿಕ್ಷನರಿಯಲ್ಲಿಡಿ, ಕ್ಲೋಸಲ್ಲಿ ತೆಗೀರಿ. ಸಿ ಅಲ್ಲಿ ಬರೀತೀರಾದ್ರೆ 2017ರ 3.20.0ರಿಂದ ಪಾಯಿಂಟರ್ ದಾಟಿಸ್ಲಿಕ್ಕೆ ರಿಸಲ್ಟ್_ಪಾಯಿಂಟರ್ ಉಂಟು, ಅದಕ್ಕೊಂದು ಟೈಪ್ ಹೆಸರು ಕೊಡ್ಬೇಕು, ಆ ಹೆಸರು ಸರಿ ಇದ್ರೆ ಮಾತ್ರ ಆಚೆ ಬದಿಯಲ್ಲಿ ಪಾಯಿಂಟರ್ ಸಿಗ್ತದೆ. ಅದಕ್ಕೆ ಮೊದಲು ಪಾಯಿಂಟರನ್ನು ಬ್ಲಾಬ್ (ಬರೀ ಬೈಟ್‌ಗಳ ಬೆಲೆ) ಆಗಿ ಕಳಿಸ್ತಾ ಇದ್ರು, ಯಾರಾದ್ರೂ ಸುಳ್ಳು ಬ್ಲಾಬ್ ಕೊಟ್ರೆ ಪ್ರೋಗ್ರಾಮ್ ಬೇಕಾದಲ್ಲಿ ಮೆಮೊರಿ ಮುಟ್ಟುವ ಅಪಾಯ. ಹಳೇ ಉದಾಹರಣೆ ಕೋಡ್ ನೋಡಿ ಹಾಗೆ ಮಾತ್ರ ಮಾಡ್ಬೇಡಿ.

ಪ್ರಶ್ನೆ (ಮಂಜೇಶ್ವರದಿಂದ): ಮಂಗಳೂರಲ್ಲಿ ಕೆಲಸ, ಅಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೇರೆ ಸರ್ವರಿನ ಟೇಬಲನ್ನು ಪೋಸ್ಟ್‌ಗ್ರೆಸ್_ಎಫ್‌ಡಿಡಬ್ಲ್ಯೂ ಹಾಕಿ ತಂದಿದ್ದೇವೆ. ವೇರ್‌ನಲ್ಲಿ ನಮ್ಮದೇ ಫಂಕ್ಷನ್ ಬರೆದ್ರೆ ಎಲ್ಲಾ ರೋ ಈ ಬದಿಗೆ ಬಂದೇ ಸೋಸುದು. ಇಲ್ಲಿಯೂ ಇದೇ ಸಮಸ್ಯೆಯಾ?

ಉತ್ತರ: ಸಮಸ್ಯೆ ಅದೇ, ಪರಿಹಾರ ಬೇರೆ. ಪೋಸ್ಟ್‌ಗ್ರೆಸ್ ಆಚೆ ಸರ್ವರ್‌ಗೆ ಕಳಿಸುದು ತನ್ನ ಒಳಗಿನ ಫಂಕ್ಷನ್‌ಗಳನ್ನು ಮತ್ತು ನೀವು ಒಪ್ಪಿಗೆ ಕೊಟ್ಟ ಎಕ್ಸ್‌ಟೆನ್ಶನ್‌ನ ಫಂಕ್ಷನ್‌ಗಳನ್ನು ಮಾತ್ರ, ಅದೂ ಇಮ್ಯೂಟಬಲ್ (ಒಂದೇ ಬೆಲೆಗೆ ಯಾವಾಗ್ಲೂ ಒಂದೇ ಉತ್ತರ ಕೊಡುವಂಥದ್ದು) ಆಗಿದ್ರೆ. ಹಾಗಾಗಿ ನಿಮ್ಮ ಫಂಕ್ಷನನ್ನು ಒಂದು ಎಕ್ಸ್‌ಟೆನ್ಶನ್ ಒಳಗೆ ಹಾಕಿ ಎರಡೂ ಸರ್ವರಲ್ಲಿ ಒಂದೇ ಆವೃತ್ತಿ ಇನ್‌ಸ್ಟಾಲ್ ಮಾಡಿ, ಇಮ್ಯೂಟಬಲ್ ಅಂತ ಡಿಕ್ಲೇರ್ ಮಾಡಿ, ಫಾರಿನ್ ಸರ್ವರಿನ ಎಕ್ಸ್‌ಟೆನ್ಶನ್ಸ್ ಆಯ್ಕೆಯಲ್ಲಿ ಅದರ ಹೆಸರು ಸೇರಿಸಿ, ಈ ಆಯ್ಕೆ 9.6ರಿಂದ ಉಂಟು. ನೌ() ಥರದ್ದು ಇಮ್ಯೂಟಬಲ್ ಅಲ್ಲ, ಅದು ಹೋಗುದಿಲ್ಲ, ಸಮಯವನ್ನು ಪ್ರೋಗ್ರಾಮಲ್ಲಿ ಲೆಕ್ಕ ಹಾಕಿ ಬೆಲೆಯಾಗಿ ಕೊಡಿ. ಉಪ್ಪಳದವರು ಕೇಳಿದ ಸಮ್, ಕೌಂಟ್ ಇಲ್ಲಿ 10ನೇ ಆವೃತ್ತಿಯಿಂದ ಆಚೆ ಬದಿಯಲ್ಲೇ ಆಗ್ಬಹುದು, ಆದ್ರೆ ವೇರ್‌ನ ಎಲ್ಲಾ ಷರತ್ತು ಆಚೆ ಹೋಗುವಂಥದ್ದಾಗಿದ್ರೆ ಮಾತ್ರ. ಎಕ್ಸ್‌ಪ್ಲೇನ್ ವರ್ಬೋಸ್ ಹಾಕಿದ್ರೆ ರಿಮೋಟ್ ಎಸ್‌ಕ್ಯೂಎಲ್ ಅಂತ ಒಂದು ಸಾಲು ಬರ್ತದೆ, ನಿಮ್ಮ ಫಂಕ್ಷನ್ ಹೆಸರು ಅದರಲ್ಲಿ ಕಂಡ್ರೆ ಹೋಗಿದೆ, ಅದರ ಬದಲು ಫಿಲ್ಟರ್ ಅನ್ನುವ ಸಾಲಲ್ಲಿ ಕಂಡ್ರೆ ಈ ಬದಿಯಲ್ಲೇ ಸೋಸ್ತಾ ಉಂಟು.